ಎಂಟು ಕೋಣೆ, ಒಂದು ಪರದೆ: ‘ನೈಟ್ ಟ್ರ್ಯಾಪ್’ ಎಡವಿದ್ದೆಲ್ಲಿ?

1992ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ವಿಡಿಯೋ ಗೇಮ್ ಕಂಪನಿ ಸೆಗಾದ ಸಿಡಿ ಓಡಿಸುವ ಪೆಟ್ಟಿಗೆ ‘ಸೆಗಾ ಸಿಡಿ’ ಬಂತು. ಬೆಲೆ 299 ಡಾಲರ್. ಅದೂ ಬರೀ ಸಿಡಿ ಪೆಟ್ಟಿಗೆಗೆ. ಅದನ್ನು ಜೋಡಿಸಲು ಮನೆಯಲ್ಲಿ ಮೊದಲೇ ಸೆಗಾ ಜೆನೆಸಿಸ್ ಎಂಬ ಕನ್ಸೋಲ್, ಅಂದರೆ ಟಿವಿಗೆ ಹಾಕಿ ಗೇಮ್ ಆಡುವ ಯಂತ್ರ, ಇರಬೇಕಿತ್ತು. ಇಷ್ಟು ದುಡ್ಡು ಸುರಿಯುವವರಿಗೆ ಸೆಗಾ ತೋರಿಸಿದ ದೊಡ್ಡ ಆಸೆ ಎಂದರೆ ಫುಲ್ ಮೋಷನ್ ವಿಡಿಯೋ. ಇನ್ನು ಮುಂದೆ ಪರದೆಯ ಮೇಲೆ ಚೌಕ ಚೌಕದ ಗೊಂಬೆಗಳಲ್ಲ, ನಿಜವಾದ ನಟ ನಟಿಯರೇ ಓಡಾಡುತ್ತಾರೆ ಎಂಬ ಮಾತು. ನಮ್ಮ ಕಡೆ ಹುಡುಗರು ಮಾರಿಯೋ, ಕಾಂಟ್ರಾ ಆಡಿಕೊಂಡಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಮಾತು ಎಂದು ಯೋಚಿಸಿ.

ಆ ಮಾತನ್ನು ಹೊತ್ತು ಬಂದ ಮೊದಲ ಆಟಗಳಲ್ಲಿ ‘ನೈಟ್ ಟ್ರ್ಯಾಪ್’ ಒಂದು. ಇವತ್ತು ಅದರ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಅಮೆರಿಕದ ಸೆನೆಟ್‌ನಲ್ಲಿ ಎದ್ದ ಗಲಾಟೆ. ಆದರೆ ಆ ಗಲಾಟೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಇದು ನಿರಾಸೆ ಮಾಡಿದ ಆಟ. ಯಾಕೆ ಹಾಗಾಯಿತು ಎನ್ನುವುದೇ ಇಲ್ಲಿನ ವಿಷಯ. ಆಟದ ಹೆಸರು, ಕಂಪನಿಗಳ ಹೆಸರು ಬಿಟ್ಟು ಈ ಕಥೆ ಹೇಳುವುದು ಕಷ್ಟ, ಅದಕ್ಕೆ ಅವು ಇವೆ. ಜನರನ್ನು ಮಾತ್ರ ಅವರ ಕೆಲಸ ಹೇಳಿಯೇ ಕರೆದಿದ್ದೇನೆ. ಯಾರು ಮಾಡಿದರು ಎನ್ನುವುದಕ್ಕಿಂತ ಯಾವ ತೀರ್ಮಾನ ಯಾವಾಗ ಆಯಿತು ಎನ್ನುವುದರಲ್ಲಿ ಕಲಿಯುವುದು ಜಾಸ್ತಿ ಇದೆ.

ಹಿನ್ನೆಲೆ: ಸಿಡಿಗೆ ಮೊದಲು ಟೇಪ್ ಇತ್ತು

ಈ ಆಟ ಸಿಡಿಗಾಗಿ ಹುಟ್ಟಿದ್ದೇ ಅಲ್ಲ. 1980ರ ದಶಕದ ನಡುವಿನಲ್ಲಿ ಒಂದು ಸಣ್ಣ ತಂಡ ಬೇರೆಯದೇ ಕನ್ಸೋಲ್ ಕಟ್ಟಲು ಹೊರಟಿತ್ತು. ಅದರ ಒಳಗುಟ್ಟಿನ ಹೆಸರು ನೀಮೋ. ಮುಂದೆ ಕಂಟ್ರೋಲ್ ವಿಷನ್ ಎಂದಾಯಿತು. ದುಡ್ಡು ಹಾಕಿದ್ದು ಆಟಿಕೆ ಕಂಪನಿ ಹ್ಯಾಸ್‌ಬ್ರೊ. ಯಂತ್ರದ ಕೆಲಸ ಮಾತ್ರ ಮಜವಾಗಿತ್ತು. ಮನೆಯ ವಿಸಿಆರ್‌ನಲ್ಲಿ ಹಾಕುವ ವಿಎಚ್‌ಎಸ್ ಟೇಪಿನಲ್ಲೇ ಹಲವು ವಿಡಿಯೋಗಳನ್ನು ಒಟ್ಟಿಗೆ ಹೆಣೆದು ತುಂಬುವುದು. ಟೇಪ್ ಓಡುತ್ತಲೇ ಇರುತ್ತದೆ. ಆಡುವವನು ಬಟನ್ ಒತ್ತಿದರೆ ಒಂದು ವಿಡಿಯೋ ಬಿಟ್ಟು ಇನ್ನೊಂದು ಕಾಣುತ್ತದೆ.

ಇದರಿಂದ ಏನು ಮಾಡಬಹುದು ಎಂದು ಹುಡುಕುವಾಗ ತಂಡಕ್ಕೆ ಸಿಕ್ಕಿದ ಸುಳಿವು ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತಿದ್ದ ‘ತಮಾರಾ’ ಎಂಬ ನಾಟಕ. ಅದು ಒಂದು ವೇದಿಕೆಯ ಮೇಲೆ ನಡೆಯುತ್ತಿರಲಿಲ್ಲ. ದೊಡ್ಡ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಒಂದೇ ಹೊತ್ತಿಗೆ ದೃಶ್ಯಗಳು ನಡೆಯುತ್ತಿದ್ದವು. ಪ್ರೇಕ್ಷಕರು ತಮಗೆ ಬೇಕಾದ ಪಾತ್ರದ ಹಿಂದೆ ನಡೆದುಕೊಂಡು ಹೋಗಬೇಕು. ಇಬ್ಬರು ಪ್ರೇಕ್ಷಕರು ನೋಡಿದ ನಾಟಕ ಒಂದೇ ಆಗಿರುತ್ತಿರಲಿಲ್ಲ.

ಇದನ್ನೇ ಇಟ್ಟುಕೊಂಡು 1986ರಲ್ಲಿ ತಂಡ ಒಂದು ಪುಟ್ಟ ಮಾದರಿ ತಯಾರಿಸಿತು. ಹೆಸರು ‘ಸೀನ್ ಆಫ್ ದಿ ಕ್ರೈಮ್’. ಒಂದು ಮನೆ, ಕೆಲವು ಕಾವಲು ಕ್ಯಾಮೆರಾ, ಅನುಮಾನ ಬರಿಸುವ ಕೆಲವು ಜನ. ದುಡ್ಡು ಕಳ್ಳತನವಾಗುತ್ತದೆ. ನೀವು ಕ್ಯಾಮೆರಾದಿಂದ ಕ್ಯಾಮೆರಾಗೆ ಹಾರುತ್ತಾ ಕದ್ದವರು ಯಾರು ಎಂದು ಕಂಡುಹಿಡಿಯಬೇಕು. ಅಷ್ಟೇ. ಹ್ಯಾಸ್‌ಬ್ರೊ ಒಪ್ಪಿತು, ಪೂರ್ತಿ ಆಟಕ್ಕೆ ದುಡ್ಡು ಬಂತು.

ಈ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಇಲ್ಲಿ ನೋಡುವುದೇ ಆಟ. ಕಣ್ಣು ಚುರುಕಾದಷ್ಟೂ ಗೆಲುವು ಹತ್ತಿರ.

ಮೊದಲ ತಿರುವು: ಬಲೆ ಬಂತು

ಪೂರ್ತಿ ಆಟಕ್ಕೆ ಬಂದಾಗ ಬರೀ ನೋಡಿ ಹೇಳುವುದು ಸಾಲದು ಅನ್ನಿಸಿತು. ಆಡುವವನ ಕೈಗೂ ಕೆಲಸ ಬೇಕಲ್ವಾ? ಹಾಗಾಗಿ ಕಥೆ ಬದಲಾಯಿತು. ಸರೋವರದ ಪಕ್ಕ ಒಂದು ಮನೆ. ಅಲ್ಲಿ ರಾತ್ರಿ ಉಳಿಯಲು ಹದಿಹರೆಯದ ಹುಡುಗಿಯರು ಬರುತ್ತಾರೆ. ಈ ಹಿಂದೆ ಬಂದವರು ಕಾಣೆಯಾಗಿದ್ದಾರೆ. ಮನೆಯವರೇ ರಾಕ್ಷಸರು. ಮನೆ ತುಂಬ ಕ್ಯಾಮೆರಾಗಳೂ ಬಲೆಗಳೂ ಇವೆ. ಒಂದು ರಹಸ್ಯ ಪಡೆ ಆ ಬಲೆಗಳ ತಂತಿಗೆ ಕನ್ನ ಹಾಕಿ ಅದರ ಹಿಡಿತವನ್ನು ನಿಮ್ಮ ಕೈಗೆ ಕೊಟ್ಟಿದೆ. ಹುಡುಗಿಯರ ನಡುವೆ ಆ ಪಡೆಯ ಒಬ್ಬಳು ವೇಷ ಮರೆಸಿಕೊಂಡು ಸೇರಿದ್ದಾಳೆ. ಆ ಪಾತ್ರಕ್ಕೆ ಟಿವಿ ಧಾರಾವಾಹಿಯಿಂದ ಮನೆಮಾತಾಗಿದ್ದ ನಟಿಯನ್ನು ತಂದರು.

ಮನೆಗೆ ನುಗ್ಗುವವರು ಯಾರು ಎಂಬುದರ ಬಗ್ಗೆ ಹಗ್ಗಜಗ್ಗಾಟವೇ ನಡೆಯಿತು. ಮೊದಲು ನಿಂಜಾ ಕಳ್ಳರು ಎಂದಿತ್ತು. ಮಕ್ಕಳು ನೋಡಿ ಅನುಕರಿಸಿದರೆ ಎಂದು ಆಟಿಕೆ ಕಂಪನಿಗೆ ಹೆದರಿಕೆ. ಆಮೇಲೆ ರಕ್ತ ಹೀರುವವರು ಎಂದಾಯಿತು. ಅದೂ ಇಳಿದು ಇಳಿದು ಕೊನೆಗೆ ಉಳಿದದ್ದು ಕಪ್ಪು ಬಟ್ಟೆಯಲ್ಲಿ ನಿಧಾನಕ್ಕೆ ನಡೆಯುವ ‘ಆಗರ್’ಗಳು. ಅವರ ಕೈಯಲ್ಲಿ ಕುತ್ತಿಗೆಗೆ ಹಾಕಿ ರಕ್ತ ಎಳೆಯುವ ಒಂದು ವಿಚಿತ್ರ ಕೋಲು. ಮಕ್ಕಳಿಗೆ ಮನೆಯಲ್ಲಿ ಸಿಗುವಂಥ ಯಾವ ವಸ್ತುವನ್ನೂ ಹೋಲಬಾರದು ಎಂದೇ ಅದನ್ನು ಹಾಗೆ ಮಾಡಿದ್ದು. ಈ ಎಚ್ಚರಿಕೆ ಮುಂದೆ ಹೇಗೆ ತಿರುಗಿ ಹೊಡೆಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

1987ರಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ 16 ದಿನ ಶೂಟಿಂಗ್. ಖರ್ಚು ಸುಮಾರು 15 ಲಕ್ಷ ಡಾಲರ್. ಒಂದು ಮಾತು ಒಪ್ಪಲೇಬೇಕು, ಈ ಶೂಟಿಂಗ್ ಸುಲಭದ್ದಲ್ಲ. ಎಂಟು ಕ್ಯಾಮೆರಾ ಜಾಗಗಳಲ್ಲಿ ಒಂದೇ ಗಡಿಯಾರ ಓಡಬೇಕು. ಅಡುಗೆಮನೆಯಿಂದ ಹೊರಟ ಹುಡುಗಿ ಸರಿಯಾದ ಸೆಕೆಂಡಿಗೆ ಪಡಸಾಲೆಯ ವಿಡಿಯೋದಲ್ಲಿ ಕಾಣಬೇಕು. ಬಚ್ಚಲುಮನೆಯಲ್ಲಿ ಕಿರುಚಿದರೆ ಮಲಗುವ ಕೋಣೆಯಲ್ಲಿರುವವಳು ಆಗಲೇ ತಲೆ ಎತ್ತಬೇಕು. ಇಷ್ಟನ್ನೂ ಲೆಕ್ಕ ಹಾಕಿ ಶೂಟ್ ಮಾಡಿದವರನ್ನು ಕೈಲಾಗದವರು ಎನ್ನುವಂತಿಲ್ಲ.

ಎರಡನೆಯ ತಿರುವು: ಯಂತ್ರ ಸತ್ತಿತು, ವಿಡಿಯೋ ಉಳಿಯಿತು

1989ರಲ್ಲಿ ಹ್ಯಾಸ್‌ಬ್ರೊ ಕೈ ತೊಳೆದುಕೊಂಡಿತು. ಯಂತ್ರದ ಬೆಲೆ 299 ಡಾಲರ್ ತಲುಪುತ್ತಿತ್ತು. ಅದರ ಅರ್ಧ ಬೆಲೆಗೂ ಕಡಿಮೆಗೆ ನಿಂಟೆಂಡೋ ಸಿಗುವಾಗ ಯಾರು ಕೊಳ್ಳುತ್ತಾರೆ? ಕಂಟ್ರೋಲ್ ವಿಷನ್ ಅಂಗಡಿ ಮುಖವನ್ನೇ ನೋಡಲಿಲ್ಲ. ಶೂಟ್ ಮಾಡಿದ್ದೆಲ್ಲ ಗೋದಾಮು ಸೇರಿತು.

ತಂಡದ ಮುಖ್ಯಸ್ಥನಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ವಿಡಿಯೋಗಳ ಹಕ್ಕು ಪಡೆದು, 1991ರಲ್ಲಿ ಡಿಜಿಟಲ್ ಪಿಕ್ಚರ್ಸ್ ಎಂಬ ಕಂಪನಿ ಕಟ್ಟಿದ. ಸಿಡಿ ಕನ್ಸೋಲ್‌ಗೆ ಏನಾದರೂ ಹೊಸದು ತೋರಿಸಲು ಸೆಗಾ ಹುಡುಕುತ್ತಿತ್ತು. ಅವನ ಬಳಿ ರೆಡಿ ಸರಕಿತ್ತು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಜೋಡಿ ಇರಲಾರದು.

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇಲ್ಲೇ ಬಿದ್ದಿದೆ. ಟೇಪ್ ಮುಂದಕ್ಕೆ ಮಾತ್ರ ಓಡುತ್ತದೆ, ಯಾರಿಗೂ ಕಾಯುವುದಿಲ್ಲ. ಹಾಗಾಗಿ ಟೇಪಿಗೆ ಬರೆದ ಕಥೆಯೂ ಕಾಯುವುದಿಲ್ಲ. ಸಿಡಿ ಹಾಗಲ್ಲ. ಡಿಸ್ಕಿನ ಯಾವ ಭಾಗಕ್ಕೆ ಬೇಕಾದರೂ ಹಾರಬಹುದು. ನೀವು ಒಬ್ಬನನ್ನು ಹಿಡಿದರೆ ಕಥೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ ಹೋಗುವ ಹಾಗೆ ಮಾಡಬಹುದಿತ್ತು. ಆದರೆ ಅದಕ್ಕೆ ಬೇಕಾದ ದೃಶ್ಯಗಳೇ ಇರಲಿಲ್ಲ. ಒಂದೇ ಗಡಿಯಾರಕ್ಕೆ ಕಟ್ಟಿದ ದೃಶ್ಯಗಳು ಮಾತ್ರ ಇದ್ದವು. ನಟಿಯರಿಗೆ ಆಗಲೇ ನಾಲ್ಕೈದು ವರ್ಷ ವಯಸ್ಸು ಹೆಚ್ಚಾಗಿತ್ತು. ಮತ್ತೆ ಶೂಟ್ ಮಾಡಿದರೆ ಉಳಿತಾಯದ ಮಾತೇ ಇಲ್ಲ. ಆದ್ದರಿಂದ ಹೊಸ ಯಂತ್ರದ ಮೇಲೆ ಹಳೆಯ ಯಂತ್ರದ ಆಟವೇ ಬಂದು ಕೂತಿತು.

ಚಿತ್ರದ ತೊಂದರೆ

ಡಿಸ್ಕ್ ಹಾಕಿದ ಕೂಡಲೇ ಕಣ್ಣಿಗೆ ಹೊಡೆಯುವ ನಿರಾಸೆ ಬೇರೆ. ವಿಡಿಯೋ ಪರದೆ ತುಂಬುವುದಿಲ್ಲ, ಒಂದು ಸಣ್ಣ ಕಿಟಕಿಯಲ್ಲಿ ಓಡುತ್ತದೆ. ಮುಖಗಳ ಮೇಲೆ ಚುಕ್ಕಿ ಚುಕ್ಕಿ. ಕತ್ತಲೆಯ ದೃಶ್ಯಗಳಲ್ಲಿ ಕಪ್ಪು ಬಟ್ಟೆಯ ಆಗರ್ ಯಾವುದು, ಗೋಡೆ ಯಾವುದು ಎಂದು ಹುಡುಕಬೇಕು.

ಕಾರಣ ಸರಳ ಲೆಕ್ಕ. ಚಿತ್ರ ಬಿಡಿಸುವ ಚಿಪ್ ಹಳೆಯ ಜೆನೆಸಿಸ್‌ನದ್ದೇ. ಅದರ ಬಳಿ ಇರುವುದು 512 ಬಣ್ಣ, ಒಮ್ಮೆಗೆ ತೋರಿಸುವುದು 64. ಸಿಡಿ ಡ್ರೈವ್ ಸೆಕೆಂಡಿಗೆ ಕೊಡುವುದು ಸುಮಾರು 150 ಕಿಲೋಬೈಟ್. ಪೂರ್ತಿ ಪರದೆಯ ಒಂದು ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಸುಮಾರು 35 ಕಿಲೋಬೈಟ್. ಅಂದರೆ ಸೆಕೆಂಡಿಗೆ ನಾಲ್ಕೇ ಚಿತ್ರ, ಅದೂ ಶಬ್ದವಿಲ್ಲದೆ. ಕಿಟಕಿಯನ್ನು ಕಾಲು ಭಾಗಕ್ಕೆ ಇಳಿಸಿದರೆ ಸೆಕೆಂಡಿಗೆ 15 ಚಿತ್ರ ಹಿಡಿಸಿ, ಶಬ್ದಕ್ಕೂ ಒಂದಿಷ್ಟು ಜಾಗ ಮಿಗುತ್ತದೆ. ಒತ್ತಿ ಕುಗ್ಗಿಸುವ ತಂತ್ರಗಳಿಂದ ಇದನ್ನು ಸ್ವಲ್ಪ ಎಳೆಯಬಹುದು, ಎಳೆದರು ಕೂಡ. ಆದರೂ ಸಿನಿಮಾ ಕ್ಯಾಮೆರಾದಲ್ಲಿ ಚೆನ್ನಾಗಿ ಬೆಳಕು ಹಾಕಿ ತೆಗೆದ ದೃಶ್ಯ ಇಷ್ಟು ಸಣ್ಣ ಸಂದಿಯಲ್ಲಿ ತೂರಿ ಬರುವಾಗ ಏನು ಉಳಿದೀತು?

ಆಗಿನ ಆಟಗಾರರಲ್ಲಿ ಬಹಳ ಜನ ಬೈದದ್ದು ಇದನ್ನೇ. ಚಿತ್ರ ಚೆನ್ನಾಗಿದ್ದಿದ್ದರೆ ಆಟವೂ ಚೆನ್ನಾಗಿರುತ್ತಿತ್ತು ಎಂಬ ನಂಬಿಕೆ ಕಂಪನಿಗೂ ಇದ್ದ ಹಾಗಿದೆ. ಅದು ನಿಜವೇ ಎಂದು ಪರೀಕ್ಷೆ ಮಾಡುವ ಅವಕಾಶ ಬೇಗನೆ ಸಿಕ್ಕಿತು, ಅದಕ್ಕೆ ಮುಂದೆ ಬರುತ್ತೇನೆ.

ಆಡಿದಾಗ ಆಗುವುದು ಏನು

ಎಂಟು ಜಾಗಗಳ ಪುಟ್ಟ ಚಿತ್ರಗಳು ಪರದೆಯ ಮೇಲಿರುತ್ತವೆ. ಅವು ಅಲುಗಾಡುವುದಿಲ್ಲ. ಒಂದನ್ನು ಆರಿಸಿದರೆ ಅಲ್ಲಿನ ವಿಡಿಯೋ ಕಾಣುತ್ತದೆ. ಆಗರ್ ಬಲೆಯ ಜಾಗಕ್ಕೆ ಬಂದಾಗ ಒಂದು ಪಟ್ಟಿ ಕೆಂಪಿಗೆ ಏರುತ್ತದೆ. ಆ ಕ್ಷಣಕ್ಕೆ ಬಟನ್ ಒತ್ತಿದರೆ ನೆಲ ಬಾಯ್ಬಿಡುತ್ತದೆ, ಇಲ್ಲವೇ ಗೋಡೆ ತಿರುಗುತ್ತದೆ, ಮಂಚ ಮಗುಚುತ್ತದೆ. ಅವನು ಒಳಗೆ ಬೀಳುತ್ತಾನೆ. ಮೊದಮೊದಲು ನಗು ಬರುತ್ತದೆ, ಸುಳ್ಳು ಹೇಳಬಾರದು.

ಆಮೇಲೆ ಹೀಗಾಗುತ್ತದೆ. ಹುಡುಗಿಯರು ನಡುಮನೆಯಲ್ಲಿ ಹಾಡು ಹಾಕಿಕೊಂಡು ಕುಣಿಯುತ್ತಾರೆ. ಅದು ಆಟದ ಹೆಸರಿನದ್ದೇ ಹಾಡು, ಒಳ್ಳೇ ತಮಾಷೆಯಾಗಿದೆ. ನೀವು ನೋಡುತ್ತಾ ನಿಂತರೆ ಬೇರೆ ಕೋಣೆಗಳಲ್ಲಿ ಆಗರ್‌ಗಳು ಬಂದು, ಬಲೆಯ ಮೇಲೆ ನಡೆದು, ಆರಾಮಾಗಿ ಹೋಗಿಬಿಡುತ್ತಾರೆ. ಜಾಸ್ತಿ ಜನ ತಪ್ಪಿಸಿಕೊಂಡರೆ ಪಡೆಯ ಕಮಾಂಡರ್ ಬಂದು ಬೈದು ಸಂಪರ್ಕ ಕಿತ್ತುಹಾಕುತ್ತಾನೆ. ಮತ್ತೆ ಮೊದಲಿನಿಂದ. ಸರಿ, ಈ ಸಲ ಹಿಡಿಯೋಣ ಎಂದು ಕೋಣೆಯಿಂದ ಕೋಣೆಗೆ ಓಡುತ್ತೀರಿ. ಆಗ ಯಾರು ಯಾರಿಗೆ ಏನು ಹೇಳಿದರು, ಯಾರು ಸತ್ತರು, ಮನೆಯವರ ಉದ್ದೇಶವೇನು, ಒಂದೂ ತಲೆಗೆ ಹತ್ತುವುದಿಲ್ಲ. ಖಾಲಿ ಪಡಸಾಲೆ, ಕಪ್ಪು ಬಟ್ಟೆಯವನು, ಬಟನ್. ಖಾಲಿ ಅಂಗಳ, ಕಪ್ಪು ಬಟ್ಟೆಯವನು, ಬಟನ್.

ಆಟದಲ್ಲಿ ಒಟ್ಟು ಇರುವುದು ಸುಮಾರು ಒಂದೂವರೆ ಗಂಟೆಯ ವಿಡಿಯೋ. ಒಂದು ಆಟ ಮುಗಿಯುವುದು ಸುಮಾರು 25 ನಿಮಿಷಕ್ಕೆ. ಚೆನ್ನಾಗಿ ಆಡುವವನು ನೋಡುವುದು ಆ 25 ನಿಮಿಷದಲ್ಲೂ ಬಹುಪಾಲು ಕಥೆ ನಡೆಯದ ಕೋಣೆಗಳನ್ನು. ದುಡ್ಡೆಲ್ಲ ಸುರಿದದ್ದು ನಟರ ಮೇಲೆ, ಗೆಲ್ಲುವವನು ನೋಡಬಾರದ್ದೂ ನಟರನ್ನೇ!

ಬಣ್ಣದ ಕೋಡ್ ಒಂದು ಉಂಟು. ಬಲೆಗಳು ಕೆಲಸ ಮಾಡಲು ಸರಿಯಾದ ಬಣ್ಣ ಆರಿಸಿರಬೇಕು. ಮನೆಯವರು ನಡುನಡುವೆ ಅದನ್ನು ಬದಲಿಸುತ್ತಾರೆ, ಯಾವ ಬಣ್ಣ ಎಂದು ಮಾತಿನ ನಡುವೆ ಹೇಳಿಕೊಳ್ಳುತ್ತಾರೆ. ನೀವು ಕದ್ದು ಕೇಳಬೇಕು. ಇಡೀ ಆಟದಲ್ಲಿ ನನಗೆ ಇಷ್ಟವಾದ ಭಾಗ ಇದೇ. ನೋಡುವುದೂ ಆಡುವುದೂ ಇಲ್ಲಿ ಒಂದಾಗುತ್ತವೆ. ಹಳೆಯ ಕಳ್ಳತನದ ಮಾದರಿಯ ಜೀವ ಉಳಿದಿರುವುದು ಇಲ್ಲೊಂದೇ ಕಡೆ. ಆದರೆ ಆ ಮಾತು ನಡೆಯುವಾಗ ನೀವು ಬೇರೆ ಕೋಣೆಯಲ್ಲಿದ್ದರೆ ಮುಗಿಯಿತು. ಬಲೆಗಳು ಸುಮ್ನೆ ಕೆಲಸ ನಿಲ್ಲಿಸುತ್ತವೆ. ಎಲ್ಲಿ ತಪ್ಪಿದೆ ಎಂದು ತಿಳಿಯುವ ದಾರಿ ಇಲ್ಲ.

ಇದಕ್ಕೆ ಆಟಗಾರರು ಕಂಡುಕೊಂಡ ಉಪಾಯ ಪೆನ್ನು, ಕಾಗದ. ಯಾವ ನಿಮಿಷ, ಯಾವ ಸೆಕೆಂಡಿಗೆ ಯಾವ ಕೋಣೆಗೆ ಹೋಗಬೇಕು ಎಂದು ಬರೆದುಕೊಳ್ಳುವುದು. ಈ ಆಟದ ಗೈಡ್‌ಗಳನ್ನು ತೆರೆದರೆ ರೈಲಿನ ವೇಳಾಪಟ್ಟಿ ನೋಡಿದ ಹಾಗಾಗುತ್ತದೆ. ಪಟ್ಟಿ ನೋಡಿ ಬಟನ್ ಒತ್ತಿದರೆ ಗೆಲ್ಲಬಹುದು. ಪರದೆಯ ಕಡೆ ಜಾಸ್ತಿ ನೋಡುವ ಅಗತ್ಯವೂ ಇಲ್ಲ.

ಸೆನೆಟ್ ಗಲಾಟೆ

1993ರ ಡಿಸೆಂಬರ್ 9ರಂದು ವಿಡಿಯೋ ಗೇಮ್‌ಗಳಲ್ಲಿನ ಹಿಂಸೆಯ ಬಗ್ಗೆ ಸೆನೆಟ್ ವಿಚಾರಣೆ ನಡೆಯಿತು. ಆಗರ್‌ಗಳು ರಾತ್ರಿ ಉಡುಪಿನ ಹುಡುಗಿಯೊಬ್ಬಳನ್ನು ಬಚ್ಚಲುಮನೆಯಲ್ಲಿ ಹಿಡಿಯುವ ದೃಶ್ಯ ತೋರಿಸಿದರು. ಮಕ್ಕಳು ಅನುಕರಿಸದಿರಲಿ ಎಂದು ಮಾಡಿದ ಆ ವಿಚಿತ್ರ ಕೋಲೇ ಅಲ್ಲಿ ಭಯಂಕರವಾಗಿ ಕಂಡಿತು. ಹುಡುಗಿಯರನ್ನು ಹಿಡಿಯುವುದೇ ಆಟದ ಗುರಿ ಎಂಬಂಥ ಮಾತುಗಳು ಹಬ್ಬಿದವು. ಗುರಿ ಅದಕ್ಕೆ ಉಲ್ಟಾ, ಅವರನ್ನು ಕಾಪಾಡುವುದು. ಅದೇ ತಿಂಗಳು ದೊಡ್ಡ ಆಟಿಕೆ ಅಂಗಡಿಗಳು ಆಟವನ್ನು ಕಪಾಟಿನಿಂದ ಇಳಿಸಿದವು, 1994ರ ಜನವರಿಯಲ್ಲಿ ಸೆಗಾ ವಾಪಸ್ ಪಡೆಯಿತು. ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಅದೇ ವರ್ಷ ಶುರುವಾಯಿತು.

ಗಲಾಟೆಯಿಂದ ಮಾರಾಟ ಏರಿತು. ಕೆಡುಕು ಎಂದರೆ, ಅದು ಆಟದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೇ ಮುಚ್ಚಿಹಾಕಿತು. ಒಂದು ಕಡೆಯವರು ಇದು ಅಪಾಯಕಾರಿ ಎಂದರು, ಇನ್ನೊಂದು ಕಡೆಯವರು ಅಲ್ಲವೇ ಅಲ್ಲ ಎಂದರು. ಇದು ಆಡಲು ಚೆನ್ನಾಗಿದೆಯೇ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮಾಡಿದವರಿಗೂ ಅದು ಅನುಕೂಲವೇ ಆಯಿತು ಅನ್ನಿಸುತ್ತದೆ. ಬೈಸಿಕೊಂಡ ಆಟ ಎಂಬ ಹೆಸರು ಬೋರು ಹೊಡೆಸಿದ ಆಟ ಎಂಬ ಹೆಸರಿಗಿಂತ ಮೇಲಲ್ವಾ?

ಸರಿಪಡಿಸಲು ಮಾಡಿದ ಪ್ರಯತ್ನಗಳು

1993ರಲ್ಲಿ 3ಡಿಒ ಕನ್ಸೋಲ್‌ಗೆ ಇದೇ ಆಟ ಬಂತು. ಅದರ ಡ್ರೈವ್ ಎರಡರಷ್ಟು ವೇಗ, ಬಣ್ಣಗಳಿಗೆ ಬರವಿಲ್ಲ. ಮುಂದೆ ಜೆನೆಸಿಸ್‌ಗೆ ಜೋಡಿಸುವ ಇನ್ನೊಂದು ಪೆಟ್ಟಿಗೆ ಸೆಗಾ 32ಎಕ್ಸ್‌ಗೆ ಬಂತು, ಅಲ್ಲೂ ಬಣ್ಣ ಸಾವಿರಾರು. ಪಿಸಿಗೂ ಬಂತು. ಮುಖಗಳು ಮುಖಗಳಂತೆ ಕಂಡವು. ಕತ್ತಲೆಯಲ್ಲಿ ಆಗರ್ ಕಂಡ. ಆದರೆ ಕೋಣೆಯಿಂದ ಕೋಣೆಗೆ ಓಡುವುದು, ಕಥೆ ತಪ್ಪುವುದು, ಮೊದಲಿನಿಂದ ಶುರು ಮಾಡುವುದು, ಎಲ್ಲ ಹಾಗೇ ಇತ್ತು. ಚಿತ್ರ ಸರಿಹೋದ ಮೇಲೆ ಆಟದ ಬಡತನ ಇನ್ನೂ ಸ್ಪಷ್ಟವಾಯಿತು ಎಂದರೂ ಸರಿ. ಮೊದಲು ಚಿತ್ರವನ್ನು ಬೈಯಬಹುದಿತ್ತು, ಈಗ ಆ ನೆಪವೂ ಹೋಯಿತು. ಇದೇ ಚೌಕಟ್ಟಿನ ಮೇಲೆ ಹೊಸದಾಗಿ ಶೂಟ್ ಮಾಡಿ ‘ಡಬಲ್ ಸ್ವಿಚ್’ ಎಂಬ ಇನ್ನೊಂದು ಆಟವನ್ನೂ ಕಂಪನಿ 1993ರಲ್ಲಿ ತಂದಿತ್ತು. 1996ಕ್ಕೆ ಕಂಪನಿಯೇ ಮುಚ್ಚಿತು.

ನಿಜವಾದ ಬದಲಾವಣೆ ಬಂದದ್ದು 2017ರಲ್ಲಿ, ಬೇರೆಯವರು ತಂದ 25ನೇ ವರ್ಷದ ಆವೃತ್ತಿಯಲ್ಲಿ. ಅವರು ಎರಡು ಕೆಲಸ ಮಾಡಿದರು. ಎಂಟು ಕೋಣೆಗಳ ಪುಟ್ಟ ಚಿತ್ರಗಳನ್ನು ಜೀವಂತ ವಿಡಿಯೋ ಮಾಡಿದರು. ಈಗ ಒಂದು ಕೋಣೆ ನೋಡುತ್ತಲೇ ಪಕ್ಕದಲ್ಲಿ ಯಾರು ನುಗ್ಗಿದರು ಎಂದು ತಿಳಿಯುತ್ತದೆ. ಕುರುಡಾಗಿ ಓಡುವ ಕಾಟ ತಪ್ಪಿತು. ಎರಡನೆಯದು, ಆಟವಾಡದೆ ಕಥೆಯನ್ನು ಮಾತ್ರ ಸಿನಿಮಾದ ಹಾಗೆ ನೋಡುವ ಥಿಯೇಟರ್ ವಿಭಾಗ. ಆ ವಿಭಾಗದ ಅಗತ್ಯ ಬಿತ್ತು ಎಂಬುದೇ ಎಷ್ಟೋ ಹೇಳುತ್ತದೆ. ವಿಡಿಯೋ ಆಟ ಎಂದು ಮಾರಿದ್ದರಲ್ಲಿ ವಿಡಿಯೋ ನೋಡಬೇಕಾದರೆ ಆಟ ನಿಲ್ಲಿಸಬೇಕು!

ಈ ಆವೃತ್ತಿಗೆ ಇಎಸ್‌ಆರ್‌ಬಿ ಕೊಟ್ಟದ್ದು ಹದಿಹರೆಯದವರಿಗೆ ಸರಿ ಎಂಬ ಗುರುತು. ಇದು ನಿಂಟೆಂಡೋ ಯಂತ್ರದಲ್ಲಿ ಎಂದೂ ಬರುವುದಿಲ್ಲ ಎಂದು 1993ರ ವಿಚಾರಣೆಯಲ್ಲಿ ಆ ಕಂಪನಿಯ ಅಮೆರಿಕದ ಹಿರಿಯ ಅಧಿಕಾರಿ ಹೇಳಿದ್ದರು. 2018ರಲ್ಲಿ ನಿಂಟೆಂಡೋ ಸ್ವಿಚ್‌ಗೆ ಬಂತು.

ಇದರಿಂದ ತಿಳಿಯುವುದು

ನಾನು ದೂರುವುದಾದರೆ ಚುಕ್ಕಿ ಚುಕ್ಕಿ ಚಿತ್ರವನ್ನಲ್ಲ, ನಟನೆಯನ್ನೂ ಅಲ್ಲ. ಆಡುವವನ ಕೆಲಸ ಏನು ಎಂಬುದು ಪಕ್ಕಾ ಆಗುವ ಮೊದಲೇ ಶೂಟಿಂಗ್ ಮುಗಿದಿತ್ತು. ಆಟವನ್ನು ಆಡಿಸಿ ನೋಡಿ, ತಪ್ಪು ಕಂಡರೆ ತಿದ್ದುವುದು ಉಳಿದ ಆಟಗಳಲ್ಲಿ ದಿನನಿತ್ಯದ ಕೆಲಸ. ಇಲ್ಲಿ ತಿದ್ದಬೇಕೆಂದರೆ ಸೆಟ್, ನಟರು, ಬೆಳಕು ಎಲ್ಲ ಮತ್ತೆ ಬೇಕು. 1987ರಲ್ಲಿ ಒಂದು ಅಗ್ಗದ ಪರೀಕ್ಷೆ ಮಾಡಬಹುದಿತ್ತು. ಎಂಟು ಬಲ್ಬು ಇಟ್ಟು, ಹೊತ್ತಿದ ಬಲ್ಬಿನ ಬಟನ್ ಒತ್ತುವ ಆಟವನ್ನು ಯಾರಿಗಾದರೂ ಕೊಟ್ಟು ನೋಡುವುದು. ‘ನೈಟ್ ಟ್ರ್ಯಾಪ್’ನಿಂದ ವಿಡಿಯೋ ತೆಗೆದರೆ ಉಳಿಯುವುದು ಅದಕ್ಕಿಂತ ಕಡಿಮೆ, ಯಾಕೆಂದರೆ ಇಲ್ಲಿ ಬಲ್ಬು ಹೊತ್ತಿದ್ದೂ ಕಾಣುವುದಿಲ್ಲ. ಆ ಪರೀಕ್ಷೆಯಲ್ಲಿ ಬೇಜಾರಾಗಿದ್ದರೆ ಮುಂದೆ ನಟಿಯರನ್ನು ಎಷ್ಟು ಚೆನ್ನಾಗಿ ಶೂಟ್ ಮಾಡಿದರೂ ಬೇಜಾರು ಹೋಗುವುದಿಲ್ಲ ಎಂದು ಗೊತ್ತಾಗುತ್ತಿತ್ತು.

ಇನ್ನು 1991ರ ತೀರ್ಮಾನ. ಗೋದಾಮಿನ ವಿಡಿಯೋ ಬಳಸಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಅದೇ ವಿಡಿಯೋ ಇಟ್ಟುಕೊಂಡು ಕೆಲಸ ಬದಲಿಸಬಹುದಿತ್ತು. ಬಲೆ ಒತ್ತುವುದನ್ನು ಕಡಿಮೆ ಮಾಡಿ, ಬಣ್ಣದ ಕೋಡ್‌ನಂತೆ ಕೇಳಿ ತಿಳಿಯುವುದನ್ನು ಜಾಸ್ತಿ ಮಾಡಬಹುದಿತ್ತು. ಯಾರು ಮನುಷ್ಯರು, ಯಾರು ಅಲ್ಲ, ಯಾವ ಹುಡುಗಿ ಅಪಾಯದಲ್ಲಿದ್ದಾಳೆ ಎಂದು ಕಂಡುಹಿಡಿಯಲು ಬಿಡಬಹುದಿತ್ತು. ಒಂದು ಅಡಿ ಹೊಸ ಫಿಲ್ಮ್ ಕೂಡ ಬೇಕಿರಲಿಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ದಾಟಿಸುವ ಅವಸರದಲ್ಲಿ ಆ ಪ್ರಶ್ನೆ ಬಂದೇ ಇಲ್ಲ.

‘ಸೀನ್ ಆಫ್ ದಿ ಕ್ರೈಮ್’ ಮಾದರಿಯನ್ನು 2017ರ ಆವೃತ್ತಿಯಲ್ಲಿ ಸೇರಿಸಿದ್ದಾರೆ. ಕೆಲವೇ ನಿಮಿಷದ್ದು, ಬಲೆ ಇಲ್ಲ, ರಾಕ್ಷಸರಿಲ್ಲ. ನನಗೆ ದೊಡ್ಡ ಆಟಕ್ಕಿಂತ ಅದರಲ್ಲೇ ಜಾಸ್ತಿ ಮಜಾ ಸಿಕ್ಕಿತು. ತಪ್ಪು ಕ್ಯಾಮೆರಾ ಆರಿಸಿದೆನಲ್ಲ ಎಂದು ಮತ್ತೆ ಆಡಬೇಕು ಅನ್ನಿಸುತ್ತದೆ. ಆವೃತ್ತಿ ಕೈಗೆ ಸಿಕ್ಕರೆ ಮೊದಲು ಅದನ್ನು ಆಡಿ, ಆಮೇಲೆ ‘ನೈಟ್ ಟ್ರ್ಯಾಪ್’ ಶುರು ಮಾಡಿ.